ಪೇಜು ಕಲಿಸಿದ ಸರ್

ನಮಗೆ ವೆಬ್ ಡಿಸೈನ್ ಕಲಿಸಿದ ಸರ್ ವಿದ್ಯಾರ್ಥಿಗಳ ಕೀಬೋರ್ಡನ್ನು ಎಂದೂ ಮುಟ್ಟುತ್ತಿರಲಿಲ್ಲ. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಬಾಯಲ್ಲೊಂದು ಲವಂಗ ಹಾಕಿಕೊಂಡು, ತಪ್ಪು ಎಲ್ಲಿದೆ ಎಂದು ನಮಗೇ ಕಾಣುವವರೆಗೆ ಕಾಯುತ್ತಿದ್ದರು. ನಾವು ಬೇಸತ್ತು, "ನೀವ ಒಂದಿಷ್ಟ ಸರಿ ಮಾಡಿಕೊಡ್ರಿ ಸರ್" ಅಂದರೆ ನಗುತ್ತಿದ್ದರು.

"ನಾ ಮಾಡಿಕೊಟ್ರ ಅದು ನನ್ನ ಪೇಜ್ ಆಗತೈತಿ. ನಿಂದ ಆಗಬೇಕಂದ್ರ ನಿನ್ನ ಬೆರಳ ಒತ್ತಬೇಕು."

ಇವತ್ತು ನಿಪ್ಪಾಣಿಯಲ್ಲಿ ನನ್ನ ಸಂಸಾರ ನಡೆಯುತ್ತಿರುವುದು ಅವರು ಕಲಿಸಿದ ವಿದ್ಯೆಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ಓದಿ, ಇವಳು ಉಪಕಾರ ಮರೆತವಳು ಅಂತ ಯಾರಿಗಾದರೂ ಅನ್ನಿಸಬಹುದು. ಮರೆಯಲು ಆಗಿದ್ದರೆ ನನಗೂ ಸುಖವಿತ್ತು.

ಅವರು ಹೃದಯಾಘಾತವಾಗಿ ಹೋಗಿ ಆರೇಳು ತಿಂಗಳಾಯಿತು. ಐವತ್ತೂ ಆಗಿರಲಿಲ್ಲ. ಸುದ್ದಿ ಬಂದ ದಿನ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು ಕೈಮುಗಿದ ಚಿತ್ರಗಳಿಂದ ತುಂಬಿಹೋಯಿತು. ದೇವರಂಥ ಮನುಷ್ಯ ಎಂದು ಒಬ್ಬರು ಬರೆದರು. ಅವರಿಲ್ಲದಿದ್ದರೆ ನಾನು ಎಲ್ಲಿರುತ್ತಿದ್ದೆನೋ ಎಂದು ಇನ್ನೊಬ್ಬರು. ನನ್ನ ನಂತರದ ಬ್ಯಾಚಿನ ಮುಗಳಖೋಡದ ಹುಡುಗನೊಬ್ಬ ಫೋನ್ ಮಾಡಿದ.

"ಅಕ್ಕಾರ, ಸರ್ ಬಗ್ಗೆ ನೀವ ನಾಕ ಮಾತ ಬರೀರಿ. ಅವರಿಗೆ ನಿಮ್ಮ ಮ್ಯಾಲ ಭಾಳ ಜೀವ ಇತ್ತು."

ಜೀವ ಇದ್ದದ್ದು ನಿಜ. ನೋಡೋಣ ಎಂದೆ. ಬರೆಯಲಿಲ್ಲ.

ಕ್ಲಾಸು ಇದ್ದದ್ದು ಅಥಣಿಯಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯ ಒಂದು ಔಷಧ ಅಂಗಡಿಯ ಮೇಲೆ. ನಾನು ಉಗಾರ ಖುರ್ದದಿಂದ ಬಸ್ಸಿಗೆ ಬರುತ್ತಿದ್ದೆ. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿದ್ದರು. ಬಿ.ಎ. ಮುಗಿದಿತ್ತು, ಮದುವೆ ಗೊತ್ತಾಗುವವರೆಗೆ ಹುಡುಗಿ ಏನಾದರೂ ಕಲಿಯಲಿ ಎಂದು ಕಳಿಸಿದ್ದರು. ವೆಬ್ ಡಿಸೈನ್ ಎಂದರೇನು ಎಂದು ಅಪ್ಪನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಟೈಪಿಂಗ್ ಕ್ಲಾಸಿನಲ್ಲಿ ಜಾಗ ಇರಲಿಲ್ಲ, ಇದರಲ್ಲಿ ಇತ್ತು, ಅಷ್ಟೇ.

ಸರ್ ಕೆಲವು ವರ್ಷ ಪುಣೆಯ ಒಂದು ಕಂಪನಿಯಲ್ಲಿದ್ದು ಊರಿಗೆ ವಾಪಸು ಬಂದವರು. ಯಾಕೆ ಬಂದರು ಎಂದು ಯಾರೂ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಮನೆಯಲ್ಲಿ ಮರಾಠಿ, ನಮ್ಮೊಂದಿಗೆ ಕನ್ನಡ, ಸಿಟ್ಟು ಬಂದಾಗ ಎರಡೂ. ಅಂಗಿ ಯಾವಾಗಲೂ ಬಿಳಿಯದು, ಇಸ್ತ್ರಿ ಮುರಿಯದ್ದು. ಉಗುರು ಕೂಡ ಅಷ್ಟೇ ಚೊಕ್ಕ. ಕಿರುಬೆರಳ ಉಗುರಿನಿಂದ ಮಾನಿಟರಿನ ಗಾಜನ್ನು ಟಕ್ ಎಂದು ತಟ್ಟಿದರೆ ಅಲ್ಲೇನೋ ಎಡವಟ್ಟಾಗಿದೆ ಎಂದರ್ಥ.

ಮೊದಲ ಪೇಜಿಗೆ ಅವರು ವಿಷಯ ಕೊಡುತ್ತಿರಲಿಲ್ಲ. "ನಿಮ್ಮ ಮನಿಯೊಳಗ ಇದ್ದದ್ದು, ಪುಸ್ತಕದಾಗ ಇರಲಾರದ್ದು, ಅದನ್ನ ಮಾಡ್ರಿ" ಅನ್ನುತ್ತಿದ್ದರು. ನಾನು ಕೃಷ್ಣಾ ನದಿಯ ಬಗ್ಗೆ ಬರೆದುಕೊಂಡು ಹೋದೆ. "ಇದು ಪುಸ್ತಕದ್ದು" ಎಂದು ತಳ್ಳಿಹಾಕಿದರು. ಮರುದಿನ ನಮ್ಮ ಕಾರ್ಖಾನೆಯ ಭೋಂಗಾ ಬಗ್ಗೆ ಮಾಡಿದೆ. ಪಾಳಿ ಬದಲಾಗುವಾಗ ಅದು ಕೂಗುತ್ತದೆ. ಅವ್ವ ಅದನ್ನು ಕೇಳಿಯೇ ಅನ್ನಕ್ಕೆ ಇಡುತ್ತಿದ್ದಳು, ಕೂಗಿದ ಮೇಲೂ ಅಪ್ಪ ಬರದಿದ್ದರೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಇಷ್ಟನ್ನೇ ಬರೆದಿದ್ದೆ. ಆದರೆ ಕೆಂಪು ಹಿನ್ನೆಲೆಗೆ ಹಳದಿ ಅಕ್ಷರ ಹಾಕಿ, ಮೇಲಿಂದ ಆಕಾಶದ ಚಿಕ್ಕಿ ಉದುರುವ ಹಾಗೆ ಮಾಡಿದ್ದೆ.

ಸರ್ ನೋಡಿ ಒಂದು ಕಣ್ಣು ಮುಚ್ಚಿದರು. "ಕಣ್ಣಾಗ ಖಾರ ಒಗದಂಗ ಆತಲ್ಲವಾ!"

ಆಮೇಲೆ ನನ್ನನ್ನು ಎಬ್ಬಿಸಿ ಬಾಗಿಲವರೆಗೆ ಕರೆದುಕೊಂಡು ಹೋದರು. "ಇಲ್ಲೆ ನಿಂತ ನೋಡು. ಇಲ್ಲಿಂದ ಏನ ಕಾಣಸತೈತಿ?"

"ಕೆಂಪಂದು ಕಾಣಸತೈತ್ರಿ."

"ನಿಮ್ಮವ್ವ ಬಾಗಲದಾಗ ನಿಂತದ್ದು ಕಾಣಸತೈತೇನ? ಇಲ್ಲಲ? ಚಿಕ್ಕಿ ತಗದ ಒಗಿ. ಬಣ್ಣಾ ತಗದ ಒಗಿ. ಸುತ್ತ ಜಾಗಾ ಬಿಡು. ನಿಮ್ಮವ್ವಗ ನಿಲ್ಲಾಕರ ಜಾಗಾ ಕೊಡು."

ಹಾಗೆ ಕಲಿಸುತ್ತಿದ್ದರು. ಕೋಡಿನಲ್ಲಿ ತೆರೆದ ಗುರುತನ್ನು ಮುಚ್ಚಲು ಮರೆತು ಇಡೀ ಪೇಜಿನ ಅಕ್ಷರ ದಪ್ಪಗಾದರೆ, "ಅಹೋ, ಕೊಟ್ಟಗಿ ಬಾಗಲಾ ತಗದ ಇಟ್ಟ ಊರಿಗೆ ಹೋಗ್ತೀರೇನ್ರಿ?" ಎಂದು ರೇಗಿಸುತ್ತಿದ್ದರು. ಒಂದು ದಿನವೂ ಯಾರನ್ನೂ ದಡ್ಡ ಎನ್ನಲಿಲ್ಲ. ಹೊಸದಾಗಿ ಕಲಿಯುವವರಿಗೆ ಯಂತ್ರದ ಹೆದರಿಕೆ ಎಷ್ಟಿರುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟು ಚೆನ್ನಾಗಿ ಗೊತ್ತಿತ್ತು ಎಂಬುದು ನಮಗೆ ಆಮೇಲೆ ತಿಳಿಯಿತು.

ಮಳೆಗಾಲ ಮುಗಿದ ಮೇಲೆ ಕಸ್ತೂರಕ್ಕ ಬಂದಳು. ಅಥಣಿ ತಾಲೂಕಿನ ಒಂದು ಹಳ್ಳಿಯವಳು, ನಲವತ್ತು ದಾಟಿದವಳು. ಅವರ ಮನೆತನದ ಕೆಲಸ ಚಪ್ಪಲಿ. ಗಂಡ ತೊಗಲು ಕತ್ತರಿಸಿ ಅಟ್ಟೆ ಹೊಲಿಯುತ್ತಿದ್ದ. ಇವಳು ತೊಗಲಿನ ಸಣ್ಣ ಎಳೆಗಳಿಂದ ಪಟ್ಟಿಯ ಮೇಲೆ ಕೂರುವ ಜಡೆ ಹೆಣೆಯುತ್ತಿದ್ದಳು. ಮಾಡಿದ್ದನ್ನೆಲ್ಲ ದಲಾಲ ಬಂದು ಒಯ್ಯುತ್ತಿದ್ದ. ಗಡಿ ದಾಟಿದ ಮೇಲೆ ಅವು ಕೊಲ್ಹಾಪುರಿ ಚಪ್ಪಲಿ ಆಗುತ್ತಿದ್ದವು.

"ಹಡದಾಕಿ ನಾನು, ಹೆಸರಿಡವ್ರು ಅವ್ರು" ಎಂದು ಗಟ್ಟಿಯಾಗಿ ನಗುತ್ತಿದ್ದಳು.

ಒಂದು ದಿನ ತಂಗಿಯ ಮಗಳ ಫೋನಿನಲ್ಲಿ ಯಾವುದೋ ಅಂಗಡಿಯ ಚಪ್ಪಲಿ ನೋಡಿ, "ಏ, ಈ ಜಡಿ ನಂದು!" ಎಂದು ಚೀರಿದ್ದಳಂತೆ. ಅವಳ ಹೆಣಿಗೆ ಅವಳಿಗೆ ಗುರುತು ಸಿಗುತ್ತಿತ್ತು. ಕೆಳಗೆ ಬೇರೆ ಯಾರದೋ ಹೆಸರಿತ್ತು. "ಅಂವಾ ಹಾಕತಾನಂದ್ರ ನಾ ಯಾಕ ಹಾಕಬಾರದು?" ಎಂದು ಗಂಡನೊಡನೆ ಜಗಳವಾಡಿ ಕ್ಲಾಸಿಗೆ ಬಂದಿದ್ದಳು.

ಯಾವ ಊರು, ಯಾರ ಪೈಕಿ ಎಂದು ಮೊದಲ ದಿನವೇ ಯಾರೋ ಕೇಳಿದರು. ಅವಳು ಹೇಳಿದಳು. ಅಕ್ಕಪಕ್ಕ ಕೂತಿದ್ದ ಇಬ್ಬರು, ಫ್ಯಾನಿನ ಗಾಳಿ ಬರುವುದಿಲ್ಲ ಎನ್ನುತ್ತ, ಬೇರೆ ಕುರ್ಚಿಗೆ ಹೋದರು. ಸರ್ ಬೋರ್ಡಿನ ಮೇಲೆ ಏನೋ ಬರೆಯುತ್ತಿದ್ದವರು ನಿಲ್ಲಿಸಿದರು. ಸೀದಾ ಅವಳ ಹತ್ತಿರ ಬಂದರು.

"ಬಾಯಿ, ನಿಮ್ಮ ಬಾಟ್ಲಿ ಕೊಡ್ರಿ. ಗಂಟಲಾ ಒಣಗೇತಿ."

ಅವಳು ತಡವರಿಸಿ ಕೊಟ್ಟಳು. ಸರ್ ಬಾಯಿ ಹಚ್ಚಿ ಕುಡಿದರು. ಅರ್ಧ ಖಾಲಿ ಮಾಡಿ, ಮುಚ್ಚಳ ತಿರುವಿ, ವಾಪಸು ಕೊಟ್ಟು, ಮತ್ತೆ ಬೋರ್ಡಿಗೆ ಹೋಗಿ ಬಿಟ್ಟ ಸಾಲಿನಿಂದ ಪಾಠ ಮುಂದುವರಿಸಿದರು. ಎದ್ದು ಹೋದವರು ಯಾವ ಕಡೆ ನೋಡಬೇಕೋ ತಿಳಿಯದೆ ಕೂತಿದ್ದರು.

ನಾನು ಅಷ್ಟು ವರ್ಷ ಶಾಲೆ ಕಾಲೇಜು ಕಲಿತಿದ್ದೆ. ಒಬ್ಬ ಮಾಸ್ತರೂ ಇಂಥದ್ದನ್ನು ಮಾಡಿದ್ದು ನೋಡಿರಲಿಲ್ಲ. ಅವತ್ತಿನಿಂದ ಸರ್ ಏನು ಹೇಳಿದರೂ ನಾನು ಕೇಳುತ್ತಿದ್ದೆ. ಕಸ್ತೂರಕ್ಕನಂತೂ ಕಣ್ಣುಮುಚ್ಚಿ ನಂಬಿದಳು.

ಅವಳಿಗೆ ಕಲಿಕೆ ಸುಲಭವಿರಲಿಲ್ಲ. ಕನ್ನಡ ಓದಲು ಬರುತ್ತಿತ್ತು, ಇಂಗ್ಲಿಷ್ ಅಕ್ಷರಗಳನ್ನು ಹುಡುಕಿ ಹುಡುಕಿ ಒತ್ತಬೇಕಿತ್ತು. ಬೆರಳ ತುದಿ ತೊಗಲು ಎಳೆದು ಎಳೆದು ಗಟ್ಟಿಯಾಗಿ, ಫೋನಿನ ಗಾಜು ಅವಳ ಬೆರಳನ್ನು ಗುರುತಿಸುತ್ತಲೇ ಇರಲಿಲ್ಲ. "ಈ ಕೀಲಿ ಚಲೋ ನೋಡವಾ, ಒತ್ತಿದ್ರ ಒತ್ತತಾವು" ಎಂದು ಕೀಬೋರ್ಡನ್ನು ಮೆಚ್ಚುತ್ತಿದ್ದಳು. ಏನಾದರೂ ಬದಲಾಯಿಸುವ ಮುನ್ನ ಪ್ರತಿ ಸಲ ನನ್ನ ಮುಖ ನೋಡುತ್ತಿದ್ದಳು. "ಇದನ್ನ ಒತ್ತಿದ್ರ ಎಲ್ಲಾ ಅಳಿಸಿ ಹೋಗೂದಿಲ್ಲಲ?" ಹೋಗುವುದಿಲ್ಲ ಅಕ್ಕಾ ಎಂದು ನಾನು ಹೇಳಬೇಕು, ಆಮೇಲೆ ಅವಳು ಒತ್ತಬೇಕು.

ಚಳಿಗಾಲ ಕಳೆಯುವ ಹೊತ್ತಿಗೆ ಅವಳ ಪೇಜು ತಯಾರಾಯಿತು. ಫೋಟೋ ನಾನೇ ತೆಗೆದೆ, ಅವರ ಮಾಳಿಗೆಯ ಮೇಲೆ ಚಪ್ಪಲಿ ಬಿಸಿಲಿಗೆ ಇಟ್ಟಾಗ. ಚಪ್ಪಲಿಗಳ ಜೊತೆ ಇನ್ನೊಂದು ಪೇಜು ಬೇಕೆಂದು ಅವಳು ಹಟ ಹಿಡಿದಳು. ಅವರ ಓಣಿಯಲ್ಲಿ ಜಡೆ ಹೆಣೆಯುವ ಹೆಂಗಸರೆಲ್ಲರ ಹೆಸರು, ಒಬ್ಬೊಬ್ಬಳ ಹೆಸರಿನ ಮುಂದೆ ಅವಳ ಹೆಣಿಗೆಯ ಫೋಟೋ.

"ಗಿರಾಕಿ ಚಪ್ಪಲಿ ನೋಡ್ತಾನ ಬಾಯಿ, ಹೆಸರ ಓದೂದಿಲ್ಲ" ಎಂದರು ಸರ್.

"ಓದದಿದ್ರ ಬಿಡ್ಲಿ. ಇರ್ಲಿ."

"ಪೇಜ್ ಜಡಾ ಆಗತೈತಿ, ಲಗೂನ ತೆರಿಯೂದಿಲ್ಲ."

"ಆಗಲಿ. ನಾವೂ ಜಡಾ ಹೊತ್ತೇವಲ್ರಿ ಇಷ್ಟ ವರ್ಷ, ಹೆಸರಿಲ್ಲದಂಗ."

ಸರ್ ಸ್ಟೂಲನ್ನು ಅವಳ ಪಕ್ಕಕ್ಕೆ ಎಳೆದುಕೊಂಡು, "ಬರ್, ಇರ್ಲಿ" ಎಂದರು. ಆ ಹೆಸರುಗಳ ಪೇಜಿಗಾಗಿ ಅವರು ಪಟ್ಟ ಕಷ್ಟ ನಾನು ಕಣ್ಣಾರೆ ಕಂಡಿದ್ದೇನೆ. ಅಕ್ಷರ ಎಷ್ಟು ದೊಡ್ಡದಿರಬೇಕು, ಎರಡು ಹೆಸರಿನ ನಡುವೆ ಎಷ್ಟು ಜಾಗ ಬೇಕು ಎಂದು ಅವಳ ಪಕ್ಕ ಕೂತು ದಿನಗಟ್ಟಲೆ ತಿದ್ದಿಸಿದರು. ಅಷ್ಟು ಚೆಂದದ ಪೇಜನ್ನು ನಾನು ಇವತ್ತಿಗೂ ಮಾಡಿಲ್ಲ.

ಎಲ್ಲ ಆದ ಮೇಲೆ ಅದನ್ನು ಲೋಕಕ್ಕೆ ಕಾಣುವಂತೆ ಏರಿಸಬೇಕಲ್ಲ. ಹೊಲಕ್ಕೆ ಉತಾರ, ಅಂದರೆ ಪಹಣಿ, ಇದ್ದ ಹಾಗೆ, ವೆಬ್‌ಸೈಟಿನ ವಿಳಾಸವೂ ಯಾರೋ ಒಬ್ಬರ ಹೆಸರಿಗೆ ದಾಖಲಾಗುತ್ತದೆ. ಯಾರ ಹೆಸರಿಗೆ ಇದೆಯೋ ಅವರೇ ಒಡೆಯರು, ಒಳಗೆ ಉತ್ತು ಬಿತ್ತಿದವರು ಯಾರೇ ಇರಲಿ. ಇದನ್ನು ನಾನು ಈಗ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ. ಆಗ ಗೊತ್ತಿರಲಿಲ್ಲ. "ಏರಿಸೂದು ಹೆಂಗ ಸರ್?" ಎಂದು ನಾನೇ ಕೇಳಿದ್ದೆ.

"ಅದೆಲ್ಲ ಕಿರಿಕಿರಿ ಕೆಲಸ. ನಿಮ್ಮ ತಲಿಗೆ ಬ್ಯಾಡ. ಅದನ್ನ ನಾ ನೋಡ್ಕೋತೀನಿ."

ಬಣ್ಣ, ಅಳತೆ, ಅಕ್ಷರ, ಬಿಟ್ಟ ಜಾಗ, ಎಲ್ಲವನ್ನೂ ನಮ್ಮ ಕೈಯಲ್ಲೇ ಮಾಡಿಸಿದ ಮನುಷ್ಯ ಅದೊಂದನ್ನು ಮಾತ್ರ ತಾವೇ ಮಾಡಿದರು. ಕಸ್ತೂರಕ್ಕನದಷ್ಟೇ ಅಲ್ಲ, ಎಲ್ಲರದೂ.

ಕೆಲವು ತಿಂಗಳು ಚೆನ್ನಾಗಿ ನಡೆಯಿತು. ದಾವಣಗೆರೆಯಿಂದ, ಮೈಸೂರಿನಿಂದ ಜನ ನೇರವಾಗಿ ಕಸ್ತೂರಕ್ಕನ ಫೋನಿಗೆ ಕರೆ ಮಾಡಿ ಪಾದದ ಅಳತೆ ಹೇಳುತ್ತಿದ್ದರು. ಪೋಸ್ಟಿಗೆ ಕೊಡುವ ಮುನ್ನ ಪಾರ್ಸಲ್ ಮೇಲೆ ವಿಳಾಸ ಸರಿಯಿದೆಯೇ ಎಂದು ನನಗೆ ತೋರಿಸಲು ಬರುತ್ತಿದ್ದಳು. ಓಣಿಯ ಹೆಂಗಸರು ತಂತಮ್ಮ ಹೆಸರು ನೋಡಲು ಅವಳ ಮನೆಗೆ ಬರುತ್ತಿದ್ದರಂತೆ.

ಒಂದು ಬೆಳಿಗ್ಗೆ ಓಡಿಬಂದ ಹಾಗೆ ಬಂದಳು. ಸೆರಗು ಹೆಗಲ ಮೇಲಿಂದ ಜಾರಿತ್ತು. ತಂಗಿಯ ಮಗಳ ಫೋನನ್ನು ನನ್ನ ಮುಂದೆ ಹಿಡಿದಳು. ಪೇಜು ಅದೇ, ಚಪ್ಪಲಿಗಳ ಫೋಟೋ ಅವೇ. ಫೋನ್ ನಂಬರು ಬೇರೆ. ಮೇಲೆ ಗಡಿಯಾಚೆಯ ಯಾವುದೋ ಅಂಗಡಿಯ ಹೆಸರು. ಹೆಂಗಸರ ಹೆಸರುಗಳ ಪೇಜು ಇರಲೇ ಇಲ್ಲ.

ಸರ್ ಒಳಗೆ ಬಂದರು. ಕಸ್ತೂರಕ್ಕ ಎದ್ದು ನಿಂತಳು.

"ಸರ್, ನಾ ಏನರ ತಪ್ಪ ಒತ್ತಿದ್ನೇನ್ರಿ? ನಿನ್ನೆ ಒಂದ ಫೋಟೋ ಬದಲಿ ಮಾಡಾಕ ಹೋಗಿದ್ದೆ. ಅಷ್ಟರಾಗ ಏನರ ಆತೇನ್ರಿ?"

ಸರ್ ಫೋನು ತೆಗೆದುಕೊಂಡು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅವಳ ಕೈಗೆ ವಾಪಸು ಕೊಟ್ಟರು.

"ಆಗತೈತಿ ಬಾಯಿ. ಹೊಸದಾಗಿ ಕಲಿಯವ್ರ ಕಡಿಂದ ಹಿಂಗ ಆಗತೈತಿ. ನಾ ನೋಡ್ತೀನಿ ತಡೀರಿ."

ಅವಳು ಮುಖ ಮುಚ್ಚಿಕೊಂಡು ಕೂತಳು. ಸರ್ ಅವಳ ಪಕ್ಕ ನಿಂತು, "ಅಳಬ್ಯಾಡ್ರಿ" ಎಂದು ಮೆತ್ತಗೆ ಹೇಳಿದರು.

ನಾಲ್ಕೈದು ದಿನವಾದರೂ ನನಗೆ ಸಮಾಧಾನವಾಗಲಿಲ್ಲ. ತಪ್ಪು ಕೀಲಿ ಒತ್ತಿದರೆ ಪೇಜು ಕೆಡಬಹುದು, ಇನ್ನೊಬ್ಬರ ಫೋನ್ ನಂಬರು ಹೇಗೆ ಬರುತ್ತದೆ? ಆ ನಂಬರಿಗೆ ನಾನೇ ಗಿರಾಕಿಯ ಹಾಗೆ ಫೋನ್ ಮಾಡಿದೆ. ಎತ್ತಿದಾತ ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದ. ನಿಮ್ಮ ಪೇಜು ಚೆಂದ ಇದೆ, ಯಾರು ಮಾಡಿದ್ದು ಎಂದೆ. ಹೆಮ್ಮೆಯಿಂದ ಹೇಳಿದ: ಅಥಣಿಯಲ್ಲಿ ಒಬ್ಬ ಸರ್ ಇದ್ದಾರೆ, ಅವರದೇ ಪೇಜು ಇದು, ತಯಾರಿದ್ದದ್ದನ್ನೇ ಅವರಿಂದ ಕೊಂಡೆ, ನಿಮಗೂ ಬೇಕಾದರೆ ಅವರ ನಂಬರು ಕೊಡುತ್ತೇನೆ. ಅವನಿಗೆ ಕಸ್ತೂರಕ್ಕ ಯಾರೆಂದೇ ಗೊತ್ತಿರಲಿಲ್ಲ.

ಕ್ಲಾಸಿನಲ್ಲಿ ಯಾರೂ ಇಲ್ಲದಾಗ ಸರ್ ಮುಂದೆ ಹೋಗಿ ನಿಂತೆ. ಅವರು ಸುಳ್ಳು ಹೇಳಬಹುದು ಎಂದು ಆಸೆ ಇಟ್ಟುಕೊಂಡಿದ್ದೆ. ಹೇಳಲಿಲ್ಲ.

"ವಿಳಾಸ ನನ್ನ ಹೆಸರಿನ್ಯಾಗಿತ್ತು. ಕೊಟ್ಟೆ. ಕಾಯ್ದೆ ಪ್ರಕಾರ ಅದರಾಗ ತಪ್ಪೇನಿಲ್ಲ."

"ಕೆಲಸಾ ಅಕೀದಲ್ರಿ ಸರ್."

"ಪುಣೇದಾಗ ನಾ ಮಾಡಿದ ಪೇಜ್‌ಗೋಳ ಮ್ಯಾಲ ಯಾರ ಹೆಸರಿತ್ತು? ಅಲ್ಲಿ ನನಗ ಹೊರಗ ಹೋಗು ಅಂದಾಗ ಒಂದ ಫೋಟೋ ಸುದ್ದಾ ಕೊಡಲಿಲ್ಲ. ಯಾವಂವ ಬಂದ ಕೇಳಿದಾ?"

"ಹಂಗಾದ್ರ ಅದನ್ನ ನಮಗೂ ಕಲಸಬೇಕಿತ್ರಿ. ಹುಷಾರ ಇರ್ರಿ ಅಂತ ಹೇಳಬೇಕಿತ್ರಿ."

ಅವರು ಲವಂಗವನ್ನು ಬಾಯಲ್ಲಿ ಆಚೆ ಈಚೆ ಮಾಡಿದರು. ನನ್ನ ಕಡೆ ನೋಡಲಿಲ್ಲ.

"ಅದನ್ನೂ ಕಲಿಸಿಬಿಟ್ರ ನನ್ನ ಕಡೆ ಏನ ಉಳೀತಿತ್ತು?"

ಅಲ್ಲಿಂದ ಸೀದಾ ಬಸ್ಸು ಹಿಡಿದು ಕಸ್ತೂರಕ್ಕನ ಊರಿಗೆ ಹೋದೆ. ಅವಳು ಕಟ್ಟೆಯ ಮೇಲೆ ಕೂತಿದ್ದಳು. ಮುಂದೆ ತೊಗಲಿನ ಎಳೆಗಳು ಬಿದ್ದಿದ್ದವು, ಹೆಣೆಯುತ್ತಿರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದುಕೊಂಡಿದ್ದೆ.

"ಅಂದ್ರ ನಾ ತಪ್ಪ ಒತ್ತಿಲ್ಲ?" ಎಂದಳು.

"ಇಲ್ಲಕ್ಕಾ."

"ಖರೇ ಹೇಳು."

"ಖರೇನ. ನೀ ಏನೂ ತಪ್ಪ ಮಾಡಿಲ್ಲ."

ಎರಡೂ ಕೈ ಮಗುಚಿ ಅಂಗೈ ನೋಡಿಕೊಂಡಳು. "ಇಷ್ಟ ದಿನಾ ಈ ಕೈಗೆ ಬೈಕೋಂತ ಕುಂತೇನಿ. ಓಣ್ಯಾನ ಹೆಂಗಸರ ಮುಂದ, ನನ್ನ ಕೈಯಿಂದ ನಿಮ್ಮೆಲ್ಲಾರ ಹೆಸರ ಅಳಿಸಿ ಹೋತು ಅಂತ ಕಾಲಿಗೆ ಬಿದ್ದೇನಿ."

ಮರುದಿನ ಅವಳು ಕ್ಲಾಸಿಗೆ ಬಂದಳು. ಎಲ್ಲರೂ ಇದ್ದರು. ಸರ್ ಅವಳನ್ನು ನೋಡಿದ ಕೂಡಲೇ ಎದ್ದು, "ಬಾಯಿ, ನಿಮಗ ಹೊಸಾದ ಒಂದ ಮಾಡಿಕೊಡ್ತೀನಿ. ಶಂಭರ್ ಟಕ್ಕೆ, ನೂರಕ್ಕ ನೂರು, ಇದಕ್ಕಿಂತ ಚಲೋ ಮಾಡಿಕೊಡ್ತೀನಿ" ಎಂದರು.

"ಬ್ಯಾಡ್ರಿ. ಒಂದ ಮಾತ ಕೇಳಾಕ ಬಂದೇನಿ. ನೀವು ನನ್ನ ಬಾಟ್ಲಿ ನೀರ ಕುಡದ್ರಿ. ಆ ದಿನಾ ನಾ ಮನಿಗೆ ಹೋಗಿ ಅತ್ತೇನಿ. ನನ್ನ ಜಲ್ಮದಾಗ ಹಂಗ ಯಾರೂ ಕುಡದಿರಲಿಲ್ಲ. ಅದನ್ನ ಯಾಕ ಮಾಡಿದ್ರಿ? ಅಷ್ಟ ಹೇಳ್ರಿ."

ಸರ್ ಮಾನಿಟರಿನ ಕಡೆ ತಿರುಗಿ ಗಾಜಿನ ಮೇಲಿನ ಧೂಳು ಒರೆಸತೊಡಗಿದರು. ಅವರು ಅಷ್ಟು ಸಣ್ಣವರಾಗಿ ಕಂಡದ್ದು ಅದೊಂದೇ ದಿನ. ಅವಳು ಸ್ವಲ್ಪ ಹೊತ್ತು ಕಾದು, ಸೆರಗು ಹೊದ್ದುಕೊಂಡು ಮೆಟ್ಟಿಲಿಳಿದು ಹೋದಳು. ನಾನೂ ಅವತ್ತಿಗೇ ಕ್ಲಾಸು ಬಿಟ್ಟೆ.

ಆ ಪ್ರಶ್ನೆಗೆ ಉತ್ತರವನ್ನು ನಾನು ಇಷ್ಟು ವರ್ಷ ಹುಡುಕಿದ್ದೇನೆ. ಮುಂದೆ ಮೋಸ ಮಾಡಲೆಂದೇ ಅವರು ನೀರು ಕುಡಿದರು ಎಂದು ನಂಬಲು ನನಗೆ ಆಗುವುದಿಲ್ಲ. ಹಾಗೆ ನಂಬಿದ್ದರೆ ಸುಮ್ಮನೆ ದ್ವೇಷಿಸಬಹುದಿತ್ತು. ಅವತ್ತು ಅವರು ಒಳ್ಳೆಯವರೇ ಆಗಿದ್ದರು ಎಂದು ತೋರುತ್ತದೆ. ಹೆಸರುಗಳ ಪೇಜನ್ನು ತಿದ್ದಿಸುವಾಗಲೂ ಒಳ್ಳೆಯವರೇ. ಆ ಪೇಜನ್ನು ಕಿತ್ತುಹಾಕಿದ ಕೈಯೂ ಅದೇ ಕೈ. "ಹೊಸದಾಗಿ ಕಲಿಯವ್ರ ಕಡಿಂದ ಹಿಂಗ ಆಗತೈತಿ" ಎಂದ ಆ ಮೆತ್ತಗಿನ ದನಿಯನ್ನು ಮಾತ್ರ ನನಗೆ ಕ್ಷಮಿಸಲಾಗಲಿಲ್ಲ. ಮಾರಿದ್ದನ್ನು ಬೇಕಾದರೆ ಮರೆತೇನು. ಅವಳಿಗಿದ್ದ ಹೆದರಿಕೆ ಏನೆಂದು ಬಲ್ಲವರಾಗಿ, ಅದರ ಹಿಂದೆ ಹೋಗಿ ಅಡಗಿಕೊಂಡರಲ್ಲ.

ಮದುವೆಯಾಗಿ ನಿಪ್ಪಾಣಿಗೆ ಬಂದೆ. ಉಳಿದದ್ದನ್ನು ನಾನೇ ಕಲಿತೆ. ಸರ್ ಆಮೇಲೂ ವರ್ಷಗಟ್ಟಲೆ ಕಲಿಸಿದರು. ಚಿಕ್ಕೋಡಿ, ರಾಯಬಾಗ, ಕಾಗವಾಡದ ಅಂಗಡಿಯವರು, ಡಾಕ್ಟರು, ಮದುವೆಯ ಮಂಗಲ ಕಾರ್ಯಾಲಯದವರು ಅವರ ಕೈಯಿಂದಲೇ ಪೇಜು ಮಾಡಿಸಿಕೊಂಡರು. ಒಮ್ಮೆ ಚಿಕ್ಕೋಡಿಯ ಒಂದು ಮದುವೆಯಲ್ಲಿ ಎದುರಾದರು. "ನಿನ್ನ ಕೆಲಸಾ ನೋಡ್ತಿರತೀನಿ. ಜಾಗಾ ಚಲೋ ಬಿಡ್ತಿ" ಎಂದರು. ನನಗೆ ಖುಷಿಯಾಯಿತು. ಆ ಖುಷಿಗೆ ನಾಚಿಕೆಯೂ ಆಯಿತು. ಕಸ್ತೂರಕ್ಕನ ಮಾತು ಅವರೂ ಎತ್ತಲಿಲ್ಲ, ನನ್ನ ಬಾಯಿಂದಲೂ ಬರಲಿಲ್ಲ.

ಈಗ ಅವರು ಸತ್ತ ಮೇಲೆ ಇನ್ನೊಂದು ಆಗುತ್ತಿದೆ. ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದವರೇ ಒಬ್ಬೊಬ್ಬರಾಗಿ ನನಗೆ ಫೋನ್ ಮಾಡುತ್ತಿದ್ದಾರೆ. "ಅಕ್ಕಾರ, ನಮ್ಮ ಪೇಜ್ ಬಂದ್ ಬಿದ್ದೈತಿ. ಏನಾಗೇತಿ ನೋಡ್ರಿ." ಆಗಿರುವುದು ಇಷ್ಟೇ. ವಿಳಾಸಗಳೆಲ್ಲ ಸರ್ ಹೆಸರಿನಲ್ಲಿದ್ದವು. ಅವನ್ನು ವರ್ಷ ವರ್ಷ ನವೀಕರಿಸಬೇಕು. ನವೀಕರಿಸುವವರು ಇಲ್ಲ, ಪಾಸ್‌ವರ್ಡ್ ಅವರ ಜೊತೆಗೇ ಹೋಯಿತು. ಅವರ ಹೆಂಡತಿಗೆ ಏನೂ ಗೊತ್ತಿಲ್ಲ, ಪಾಪ. ಮುಗಳಖೋಡದ ಆ ಹುಡುಗ ತನ್ನ ಬೀಜ ಗೊಬ್ಬರದ ಅಂಗಡಿಯ ಪೇಜು ಹೋದ ದಿನ ಫೋನಿನಲ್ಲಿ ಅಳುವಂತಾಗಿದ್ದ. "ಸರ್ ಹಿಂಗ ಮಾಡಿರಾಕಿಲ್ರಿ, ನಾನ ಏನರ ತಪ್ಪ ಒತ್ತೇನಿ" ಎಂದ. ನನ್ನ ಮೈ ಉರಿಯಿತು. ನೀನು ಏನೂ ತಪ್ಪು ಒತ್ತಿಲ್ಲ ಎಂದು ಬಿಡಿಸಿ ಹೇಳಿದೆ. ನಂಬಿದನೋ ಇಲ್ಲವೋ.

ಅವರು ಮಾಡಿದ, ಮಾಡಿಸಿದ ಪೇಜುಗಳು ಹೀಗೆ ಒಂದೊಂದಾಗಿ ಆರಿಹೋಗುತ್ತಿವೆ. ಕಸ್ತೂರಕ್ಕನದು ಮಾತ್ರ ಇನ್ನೂ ಇದೆ. ಅದೊಂದನ್ನೇ ಅವರು ಕಾಯ್ದೆ ಪ್ರಕಾರ, ಸರಿಯಾಗಿ, ಇನ್ನೊಬ್ಬರ ಹೆಸರಿಗೆ ವರ್ಗಾಯಿಸಿದ್ದರು.

ಮೊನ್ನೆ ಕಸ್ತೂರಕ್ಕನಿಗೆ ಫೋನ್ ಮಾಡಿದೆ. ಅವಳು ಈಗ ಹೆಣೆಯುವುದು ಆ ಪೇಜನ್ನು ಕೊಂಡ ವ್ಯಾಪಾರಿಗೇ. ಬೇರೆ ಯಾರು ಕೊಳ್ಳುತ್ತಾರೆ? ಸರ್ ಹೋದ ಸುದ್ದಿ ಅವಳಿಗೆ ಮೊದಲೇ ತಿಳಿದಿತ್ತು. "ಹೆಂಡರ ಮಕ್ಕಳ ಹೆಂಗ ಅದಾರ?" ಎಂದು ಕೇಳಿದಳು. ಹೇಳಿದೆ. ಆಮೇಲೆ ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ.

"ಅಕ್ಕಾ, ಹೊಸಾ ಪೇಜ್ ಮಾಡೂಣು. ನಾ ಬರ್ತೀನಿ. ಎಲ್ಲಾರ ಹೆಸರೂ ಹಾಕೂಣು, ಮದಲಿನಂಗ."

"ಯಾರ ಹೆಸರಿಗೆ ಮಾಡ್ತಿ ಅದನ್ನ?"

"ನಿನ್ನ ಹೆಸರಿಗೇ ಅಕ್ಕಾ. ನಾ ಎದರಿಗೆ ಕುಂತ ಮಾಡಿಸಿಕೊಡ್ತೀನಿ."

ಅತ್ತ ಕಡೆ ತೊಗಲಿನ ಎಳೆ ಬಿಗಿಯುವ ಸದ್ದು ಕೇಳಿಸಿತು.

"ನಿಂದ ಆಗತೈತಿ ಅಂತ ಅವರೂ ಅಂದಿದ್ರವಾ" ಎಂದು ಫೋನ್ ಇಟ್ಟಳು.